ಫರಸಿಯ ಮೇಲೆ ಬರೆದ ದೊಡ್ಡ ಸಂಖ್ಯೆಗಳು

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಏಳೆಂಟು ಮಕ್ಕಳು ಸೇರುತ್ತಾರೆ. ಐದನೆಯ ತರಗತಿಯಿಂದ ಎಂಟನೆಯ ತರಗತಿಯವರೆಗೆ ಓದುವ ಈ ಮಕ್ಕಳಲ್ಲಿ ಕೆಲವರಿಗೆ ನವೋದಯದ ಪ್ರವೇಶ ಪರೀಕ್ಷೆಯ ಚಿಂತೆ, ಕೆಲವರಿಗೆ ವಿದ್ಯಾರ್ಥಿವೇತನದ ಪರೀಕ್ಷೆಯ ಚಿಂತೆ. ಇನ್ನಿಬ್ಬರು ಅಕ್ಕಂದಿರ ಬೆನ್ನು ಹತ್ತಿ ಬರುವವರು, ಅವರಿಗೆ ಯಾವ ಚಿಂತೆಯೂ ಇಲ್ಲ. ಕಲಬುರಗಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು ಈ ಪಾಠಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ಹಬ್ಬದ ದಿನ ಯಾರ ಮನೆಯಿಂದಾದರೂ ಹೋಳಿಗೆಯ ಡಬ್ಬಿ ಬಂದರೆ ಬೇಡವೆನ್ನುವುದೂ ಇಲ್ಲ. ಪಡಸಾಲೆಗೆ ಹಾಸಿರುವುದು ಶಹಾಬಾದಿನ ಫರಸಿ. ಅದರ ಮೇಲೆ ಚಾಕ್‌ಪೀಸಿನಿಂದ ಬರೆಯುವುದೆಂದರೆ ಮಕ್ಕಳಿಗೆ ಎಲ್ಲಿಲ್ಲದ ಹುರುಪು. ಒಂದು ಫರಸಿಗೆ ಒಂದು ಅಂಕಿಯಂತೆ ಬರೆದರೆ ಎಂಟಂಕಿಯ ಸಂಖ್ಯೆಯೊಂದು ಬಾಗಿಲಿನಿಂದ ಎದುರು ಗೋಡೆಯವರೆಗೆ ಚಾಚಿಕೊಳ್ಳುತ್ತದೆ, ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬೇಕಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಈ ಗುಂಪಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಎರಡರಿಂದ ಹನ್ನೊಂದರವರೆಗಿನ ಭಾಜ್ಯತೆಯ ನಿಯಮಗಳನ್ನು, ಅಂದರೆ ಒಂದು ಸಂಖ್ಯೆ ಶೇಷವಿಲ್ಲದೆ ಭಾಗ ಹೋಗುತ್ತದೆಯೇ ಎಂದು ಭಾಗಿಸದೆಯೇ ತಿಳಿಯುವ ನಿಯಮಗಳನ್ನು, ಒಂದೇ ಉಸಿರಿನಲ್ಲಿ ಒಪ್ಪಿಸಿದ. ಏಳು ಬಂದಾಗ ಮಾತ್ರ ಕ್ಷಣ ನಿಂತು, "ಏಳಕ್ಕ ನಿಯಮ ಇಲ್ರಿ ಸರ್" ಎಂದು ಮುಂದೆ ಹೋದ. ಒಪ್ಪಿಸಿದ್ದರಲ್ಲಿ ಬೇರೆ ತಪ್ಪಿರಲಿಲ್ಲ. ಒಂಬತ್ತರಿಂದ ಭಾಗ ಹೋಗುತ್ತದೋ ಇಲ್ಲವೋ ಎಂದು ನೋಡಲು ಅಂಕಿಗಳನ್ನು ಏಕೆ ಕೂಡಿಸಬೇಕು, ಕಳೆದರೆ ಏನಾಗುತ್ತದೆ ಎಂದು ಕೇಳಿದೆ. "ಹಂಗೇ ಅದರಿ ಸರ್, ಗೈಡಿನಾಗ ಕೊಟ್ಟಾರ್ರಿ" ಎಂದ. ಅವನನ್ನು ದೂರುವಂತಿಲ್ಲ. ಎರಡು ಗಂಟೆಗಳಲ್ಲಿ 80 ಪ್ರಶ್ನೆ, ಅದರಲ್ಲಿ ಅಂಕಗಣಿತದವು 20 ಎಂಬ ಪರೀಕ್ಷೆಗೆ ಕೂರುವ ಹತ್ತು ವರ್ಷದ ಮಗುವಿಗೆ ಏಕೆ ಎಂದು ಕೇಳಿಕೊಳ್ಳುವ ಬಿಡುವನ್ನು ನಾವು ಯಾರೂ ಕೊಟ್ಟಿಲ್ಲ. ಆದರೆ ಕಾರಣ ಗೊತ್ತಿಲ್ಲದ ನಿಯಮಗಳು ಒಂದರೊಳಗೊಂದು ಕಲಸಿಹೋಗುತ್ತವೆ ಎಂಬುದನ್ನು ಇಷ್ಟು ವರ್ಷಗಳಲ್ಲಿ ಸಾಕಷ್ಟು ಸಲ ಕಂಡಿದ್ದೇನೆ. ಒಂಬತ್ತರ ನಿಯಮವನ್ನು ಎಂಟಕ್ಕೆ ಹಚ್ಚುವವರು, ನಾಲ್ಕಕ್ಕೆ ಕೊನೆಯ ಒಂದೇ ಅಂಕಿ ನೋಡುವವರು, ಮೊತ್ತದ ಬದಲು ಗುಣಲಬ್ಧ ತೆಗೆಯುವವರು ಪ್ರತಿವರ್ಷವೂ ಇರುತ್ತಾರೆ, ಮತ್ತು ಇವರಲ್ಲಿ ಹೆಚ್ಚಿನವರು ನಿಯಮಗಳನ್ನು ಚೆನ್ನಾಗಿ ಬಾಯಿಪಾಠ ಮಾಡಿದವರೇ.

ಆ ದಿನ ಅಡಿಗೆಮನೆಯಿಂದ ಒಂದು ಸೇರಿನಷ್ಟು ತೊಗರಿ ಕಾಳು ತರಿಸಿದೆ. ಕಲಬುರಗಿಯ ಮನೆಯಲ್ಲಿ ತೊಗರಿಗೆ ಬರವಿಲ್ಲ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ನಮ್ಮ ತೊಗರಿ ಬೇಳೆಗೆ. ಗಣಿತಕ್ಕೆ ಮಾತ್ರ ಒಡೆಯದ ಇಡೀ ಕಾಳೇ ಬೇಕು, ಬೇಳೆಯಾದರೆ ಒಂದು ಯಾವುದು ಅರ್ಧ ಯಾವುದು ಎಂಬ ಜಗಳವೇ ಮುಗಿಯುವುದಿಲ್ಲ. ಮಕ್ಕಳು ಹಳೆಯ ದಿನಪತ್ರಿಕೆಯನ್ನು ಹರಿದು ಹತ್ತು ಹತ್ತು ಕಾಳಿನ ಪೊಟ್ಟಣ ಕಟ್ಟಿದರು, ಅಂಥ ಹತ್ತು ಪೊಟ್ಟಣಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನೂರು ಮಾಡಿದರು. ಫರಸಿಯ ಮೇಲೆ 243 ಎಂದು ಬರೆದು, 2ರ ಮೇಲೆ ಎರಡು ಚೀಲ, 4ರ ಮೇಲೆ ನಾಲ್ಕು ಪೊಟ್ಟಣ, 3ರ ಮೇಲೆ ಮೂರು ಬಿಡಿ ಕಾಳು ಇಟ್ಟೆವು. ಈಗ ಒಂದೊಂದೇ ಪೊಟ್ಟಣ ಬಿಚ್ಚಿ ಒಂಬತ್ತು ಕಾಳನ್ನು ಬದಿಗೆ ಸರಿಸು, ಏನು ಉಳಿಯಿತೋ ಅದನ್ನು ಅಲ್ಲೇ ಬಿಡು ಎಂದೆ. ಪ್ರತಿ ಪೊಟ್ಟಣದಲ್ಲಿಯೂ ಒಂದು ಕಾಳು ಉಳಿಯಿತು. ಚೀಲದಿಂದ ತೊಂಬತ್ತೊಂಬತ್ತು ತೆಗೆದರೆ ಅಲ್ಲಿಯೂ ಒಂದೇ ಕಾಳು. ಬದಿಗೆ ಸರಿಸಿದ್ದೆಲ್ಲ ಒಂಬತ್ತರ ಗುಂಪುಗಳೇ ಆದ್ದರಿಂದ ಅವುಗಳ ಗೊಡವೆ ನಮಗೆ ಬೇಕಿಲ್ಲ. ಫರಸಿಯ ಮೇಲೆ ಉಳಿದದ್ದು 2, 4 ಮತ್ತು 3 ಕಾಳು, ಒಟ್ಟು 9. ನಿಯಮಗಳನ್ನು ಒಪ್ಪಿಸಿದ ಆ ಹುಡುಗ ಬಗ್ಗಿ ನೋಡಿ, "ಇವು ಅಂಕಿ ಅಲ್ರಿ ಸರ್, ಉಳಿದ ಕಾಳು!" ಎಂದ.

ಅವನ ಆ ಒಂದು ಮಾತಿನ ಮೇಲೆಯೇ ನಾನು ಉಳಿದ ಪಾಠವನ್ನೆಲ್ಲ ಕಟ್ಟಿದೆ. ಅಂಕಿಗಳ ಮೊತ್ತ ಎಂಬುದು ಯಾರೋ ಕಂಡುಹಿಡಿದ ಉಪಾಯವಲ್ಲ. ಭಾಗ ಹೋಗುವುದನ್ನೆಲ್ಲ ಬದಿಗಿಟ್ಟ ಮೇಲೆ ಕೈಯಲ್ಲಿ ಉಳಿಯುವ ಸರಕು ಅದು. ಬದಿಗಿಡು, ಉಳಿದದ್ದನ್ನು ನೋಡು ಎಂಬ ಈ ಒಂದೇ ಕೆಲಸ ಎಲ್ಲ ನಿಯಮಗಳಲ್ಲಿಯೂ ನಡೆಯುತ್ತದೆ. ಎರಡು ಮತ್ತು ಐದಕ್ಕೆ ಹತ್ತರ ಪೊಟ್ಟಣವನ್ನು ಬಿಚ್ಚದೆಯೇ ಬದಿಗಿಡಬಹುದು, ಆದ್ದರಿಂದ ಬಿಡಿ ಸ್ಥಾನವೊಂದನ್ನೇ ನೋಡಿದರೆ ಸಾಕು. ನಾಲ್ಕಕ್ಕೆ ಪೊಟ್ಟಣ ಬದಿಗಿಡಲು ಬಾರದು, ನೂರರ ಚೀಲ ಬರುತ್ತದೆ. ಎಂಟಕ್ಕೆ ಸಾವಿರ ಬೇಕು. ಇಷ್ಟು ಹೇಳಿದ ಮೇಲೆ ಹದಿನಾರಕ್ಕೆ ಕೊನೆಯ ನಾಲ್ಕು ಅಂಕಿಗಳು ಸಾಕೆಂಬುದನ್ನು ಮಕ್ಕಳೇ ಹೇಳಿದರು, ಯಾಕೆಂದರೆ ಹತ್ತು ಸಾವಿರವೆಂದರೆ 16 ಸಲ 625. ಈ ಭಾಗಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಲಿಲ್ಲ.

ಹನ್ನೊಂದಕ್ಕೆ ಬಂದಾಗ ನನಗೆ ನೆನಪಾದದ್ದು ಅಪ್ಪನ ವಹಿ. ಅಪ್ಪ ಇಲ್ಲಿಯ ಗಂಜಿನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದರು. ಜಮಾ ಒಂದು ಕಡೆ, ಉದ್ರಿ ಇನ್ನೊಂದು ಕಡೆ. ಹನ್ನೊಂದರ ನಿಯಮವೂ ಅಷ್ಟೇ. ಹತ್ತರ ಪೊಟ್ಟಣದಿಂದ ಹನ್ನೊಂದನ್ನು ಬದಿಗಿಡಬೇಕೆಂದರೆ ಒಂದು ಕಾಳು ಕಡಿಮೆ ಬೀಳುತ್ತದೆ, ಅದನ್ನು ಉದ್ರಿ ತರಬೇಕು. ನೂರರ ಚೀಲದಲ್ಲಿ ತೊಂಬತ್ತೊಂಬತ್ತನ್ನು, ಅಂದರೆ ಹನ್ನೊಂದರ ಒಂಬತ್ತು ಗುಂಪುಗಳನ್ನು, ಬದಿಗಿಟ್ಟರೆ ಒಂದು ಕಾಳು ಜಮಾ. ಸಾವಿರಕ್ಕೆ ಬಂದರೆ 1001 ಬೇಕು, ಮತ್ತೆ ಒಂದು ಕಾಳಿನ ಉದ್ರಿ. ಹೀಗೆ ಬಲಗಡೆಯಿಂದ ಒಂದು ಸ್ಥಾನ ಜಮಾ, ಮರುಸ್ಥಾನ ಉದ್ರಿ. ಜಮಾ ಉದ್ರಿಗಳ ವ್ಯತ್ಯಾಸ ಸೊನ್ನೆಯಾದರೆ ಅಥವಾ ಹನ್ನೊಂದರ ಮಗ್ಗಿಯಲ್ಲಿದ್ದರೆ ಭಾಗ ಹೋಯಿತು. ಉದಾಹರಣೆಗೆ ನಮ್ಮೂರಿನ ಪಿನ್ ಕೋಡ್ 585101 ಅನ್ನು ಫರಸಿಯ ಮೇಲೆ ಬರೆಸಿದೆ. ಜಮಾ ಕಡೆಗೆ 1, 1 ಮತ್ತು 8, ಒಟ್ಟು 10. ಉದ್ರಿ ಕಡೆಗೆ 0, 5 ಮತ್ತು 5, ಅದೂ 10. ವಹಿ ಸರಿಹೋಯಿತು. ಉದ್ದ ಭಾಗಾಕಾರ ಮಾಡಿ ನೋಡಿದವರಿಗೆ 53191 ಎಂಬ ಭಾಗಲಬ್ಧ ಸಿಕ್ಕಿತು, ಶೇಷ ಉಳಿಯಲಿಲ್ಲ. ಋಣ ಸಂಖ್ಯೆಗಳನ್ನು ಇನ್ನೂ ಕಲಿಯದ ಐದನೆಯ ತರಗತಿಯ ಮಕ್ಕಳಿಗೂ ಈ ಜಮಾ ಉದ್ರಿ ಒಂದು ಸಲ ಹೇಳಿದರೆ ತಿಳಿಯುತ್ತದೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಕಾಣದ ಮಗು ನಮ್ಮ ಓಣಿಯಲ್ಲಿಲ್ಲ.

ಅಪ್ಪನ ಸುದ್ದಿ ಬಂದದ್ದರಿಂದ ಇನ್ನೊಂದು ಮಾತು. ದಿನದ ಕೊನೆಗೆ ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಅವರು ಮೊದಲು ನೋಡುತ್ತಿದ್ದುದು ವ್ಯತ್ಯಾಸ ಒಂಬತ್ತರಿಂದ ಭಾಗ ಹೋಗುತ್ತದೆಯೇ ಎಂಬುದನ್ನು. ಹೋದರೆ ಎಲ್ಲಿಯೋ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿವೆ ಎಂದು ಅನುಮಾನ. 5,640 ಎಂದು ಬರೆಯಬೇಕಾದಲ್ಲಿ 5,460 ಎಂದು ಬಿದ್ದರೆ ವ್ಯತ್ಯಾಸ 180, ಒಂಬತ್ತು ಇಪ್ಪತ್ತಲೆ. ಅಂಕಿಗಳು ಸ್ಥಾನ ಬದಲಿಸಿದರೂ ಉಳಿಯುವ ಕಾಳಿನ ಲೆಕ್ಕ ಬದಲಾಗುವುದಿಲ್ಲ, ಹಾಗಾಗಿ ಎರಡರ ನಡುವಿನ ವ್ಯತ್ಯಾಸದಲ್ಲಿ ಒಂಬತ್ತರ ಗುಂಪುಗಳು ಮಾತ್ರ ಇರುತ್ತವೆ. ಬೇರೆ ತರಹದ ತಪ್ಪಿನಿಂದಲೂ ಒಂಬತ್ತರ ವ್ಯತ್ಯಾಸ ಬರಬಹುದು, ಆದರೆ ರಾತ್ರಿ ಎಂಟು ಗಂಟೆಗೆ ದಪ್ಪ ವಹಿಯ ಮುಂದೆ ಕುಳಿತವನಿಗೆ ಎಲ್ಲಿಂದ ಹುಡುಕಲು ಆರಂಭಿಸಬೇಕು ಎಂಬುದು ಗೊತ್ತಾದರೆ ಅಷ್ಟೇ ಪುಣ್ಯ. ಅಪ್ಪ ನನಗೆ ಅದರ ಕಾರಣವನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಳಿನ ಪೊಟ್ಟಣ ಬಿಚ್ಚುವ ದಿನದವರೆಗೆ ಅದು ನನ್ನ ಮಟ್ಟಿಗೂ ಗೈಡಿನ ನಿಯಮವೇ ಆಗಿತ್ತು.

ಏಳಕ್ಕೆ ನಿಯಮವಿಲ್ಲ ಎಂಬುದು ಸುಳ್ಳು. ನಿಯಮಗಳು ಹಲವಾರಿವೆ, ಯಾವುದೂ ಒಂಬತ್ತರಷ್ಟು ಸಲೀಸಲ್ಲ, ಅಷ್ಟೇ. ಎಲ್ಲೆಡೆ ಕಾಣಸಿಗುವುದು ಕೊನೆಯ ಅಂಕಿಯನ್ನು ಎರಡರಿಂದ ಗುಣಿಸಿ ಉಳಿದ ಸಂಖ್ಯೆಯಿಂದ ಕಳೆಯುವ ಕ್ರಮ. 483ನ್ನು ತೆಗೆದುಕೊಂಡರೆ, 3ರ ಎರಡರಷ್ಟು 6, ಅದನ್ನು 48ರಿಂದ ಕಳೆದರೆ 42, ಏಳಾರಲೆ ನಲವತ್ತೆರಡು, ಆದ್ದರಿಂದ ಭಾಗ ಹೋಗುತ್ತದೆ. ಇಲ್ಲಿ ಬದಿಗಿಟ್ಟದ್ದು ಯಾವುದು ಎಂಬುದೇ ಪ್ರಶ್ನೆ. ಕೊನೆಯ ಅಂಕಿ 3 ಇರುವುದರಿಂದ ನಾವು 21ನ್ನು ಮೂರು ಸಲ, ಅಂದರೆ 63ನ್ನು ಬದಿಗಿಟ್ಟೆವು, ಉಳಿದದ್ದು 420, ಹತ್ತಕ್ಕೂ ಏಳಕ್ಕೂ ಸಂಬಂಧವಿಲ್ಲದ ಕಾರಣ ಕೊನೆಯ ಸೊನ್ನೆಯನ್ನು ಅಳಿಸಿಬಿಟ್ಟೆವು. ಸೊನ್ನೆ ಅಳಿಸುವ ಈ ಹೆಜ್ಜೆಯಲ್ಲಿ ಒಂದು ನಷ್ಟವಿದೆ. ಭಾಗ ಹೋಗುತ್ತದೋ ಇಲ್ಲವೋ ಎಂಬುದು ತಿಳಿಯುತ್ತದೆ, ಹೋಗದಿದ್ದರೆ ಎಷ್ಟು ಉಳಿಯುತ್ತದೆ ಎಂಬುದು ಕೈತಪ್ಪುತ್ತದೆ. 61ಕ್ಕೆ ಈ ಕ್ರಮ ಹಚ್ಚಿದರೆ 6ರಲ್ಲಿ 2 ಹೋಗಿ 4 ಸಿಗುತ್ತದೆ, ಆದರೆ 61ನ್ನು ಏಳರಿಂದ ಭಾಗಿಸಿದಾಗ ಉಳಿಯುವುದು 5. ಕಾಳಿನ ಲೆಕ್ಕದಲ್ಲಿ ಶೇಷ ಯಾವಾಗಲೂ ಕಣ್ಣೆದುರಿಗೇ ಇರುತ್ತದೆ ಎಂದು ನಂಬಿದ ಮಕ್ಕಳಿಗೆ ಇದು ಮೋಸದಂತೆ ಕಂಡಿತು. ಇದಲ್ಲದೆ ಎಂಟಂಕಿಯ ಸಂಖ್ಯೆಗೆ ಈ ಕ್ರಮವನ್ನು ಐದಾರು ಸಲ ಮಾಡಬೇಕು, ಅಷ್ಟರಲ್ಲಿ ನೇರವಾಗಿ ಭಾಗಿಸಿಯೇ ಮುಗಿಸಬಹುದು.

ಬಿಡಿ, ಹತ್ತು, ನೂರು ಎಂಬ ಸ್ಥಾನಗಳಿಗೆ 1, 3, 2, 6, 4, 5 ಎಂಬ ತೂಕಗಳನ್ನು ಹಚ್ಚುವ ಇನ್ನೊಂದು ನಿಯಮವಿದೆ. ಅವು 1, 10, 100 ಮುಂತಾದವುಗಳನ್ನು ಏಳರಿಂದ ಭಾಗಿಸಿದಾಗ ಉಳಿಯುವ ಶೇಷಗಳು. ಯಾವ ಭಾಜಕಕ್ಕಾದರೂ ಹೀಗೆ ಶೇಷಗಳಿಂದಲೇ ನಿಯಮ ಕಟ್ಟಬಹುದೆಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 17ನೆಯ ಶತಮಾನದಲ್ಲಿ ತೋರಿಸಿಕೊಟ್ಟಿದ್ದಾನೆ. ಅದು ಅಚ್ಚುಕಟ್ಟಾದ ವಿಚಾರ, ಎಂಟನೆಯ ತರಗತಿಯವರಿಗೆ ಹೇಳಿಯೂ ಇದ್ದೇನೆ. ಆದರೆ ಆರು ತೂಕಗಳನ್ನು ಸರದಿಯಲ್ಲಿ ನೆನಪಿಡುವುದು ಮತ್ತೊಂದು ಬಾಯಿಪಾಠವಾಗುತ್ತದೆಂದು ಕಂಡು ಚಿಕ್ಕವರಿಗೆ ಕಲಿಸುವುದನ್ನು ಬಿಟ್ಟೆ.

ನನಗೆ ಇಷ್ಟವಾದದ್ದು 1001ರ ದಾರಿ. 7, 11 ಮತ್ತು 13ನ್ನು ಒಂದಕ್ಕೊಂದು ಗುಣಿಸಿದರೆ ಸರಿಯಾಗಿ 1001 ಬರುತ್ತದೆ. ಸಾವಿರದ ಮೂಟೆಯಿಂದ 1001ನ್ನು ಬದಿಗಿಡಬೇಕೆಂದರೆ ಒಂದು ಕಾಳಿನ ಉದ್ರಿ. ಹತ್ತು ಲಕ್ಷದ ಗುಡ್ಡೆಯಲ್ಲಿ 9,99,999 ಬದಿಗೆ ಹೋಗಿ ಒಂದು ಕಾಳು ಜಮಾ, ಯಾಕೆಂದರೆ 9,99,999 ಎಂಬುದು 1001 ಸಲ 999. ಅಂದರೆ ಹನ್ನೊಂದರಲ್ಲಿ ಒಂದೊಂದು ಅಂಕಿಗೆ ಮಾಡಿದ್ದನ್ನು ಇಲ್ಲಿ ಮೂರು ಮೂರು ಅಂಕಿಗಳ ಗುಂಪಿಗೆ ಮಾಡಬೇಕು. ಬಲಗಡೆಯಿಂದ ಮೊದಲ ಮೂರಂಕಿ ಜಮಾ, ಮುಂದಿನ ಮೂರಂಕಿ ಉದ್ರಿ, ಅದರ ಮುಂದಿನದು ಜಮಾ. ಎಷ್ಟೇ ಉದ್ದದ ಸಂಖ್ಯೆಯಾದರೂ ಕೊನೆಗೆ ಚಿಕ್ಕದೊಂದು ಸಂಖ್ಯೆಗೆ ಇಳಿಯುತ್ತದೆ, ಏಳು, ಹನ್ನೊಂದು, ಹದಿಮೂರು ಮೂರಕ್ಕೂ ಅದೊಂದೇ ಸಾಕು, ಶೇಷವೂ ಕಳೆದುಹೋಗುವುದಿಲ್ಲ.

ಇದಕ್ಕೆ ಪಿನ್ ಕೋಡ್‌ಗಳಿಗಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ, ಆರಂಕಿಯನ್ನು ಮೂರು ಮೂರಾಗಿ ಒಡೆದೇ ಬರೆಯುವುದು ಎಲ್ಲರಿಗೂ ರೂಢಿ. 585102ರಲ್ಲಿ ಉದ್ರಿ 585, ಜಮಾ 102, ವ್ಯತ್ಯಾಸ 483. ಮಕ್ಕಳು ಕೂಗಿದರು, ಅದು ಆಗಲೇ ನೋಡಿದ ಸಂಖ್ಯೆ, ಏಳರಿಂದ ಭಾಗ ಹೋಗುತ್ತದೆ. 585104ಕ್ಕೆ ವ್ಯತ್ಯಾಸ 481, ಅದು ಹದಿಮೂರು ಮೂವತ್ತೇಳಲೆ. ಎಂಟನೆಯ ತರಗತಿಯವನೊಬ್ಬ ವ್ಯತ್ಯಾಸ ತೆಗೆಯದೆಯೇ, 585 ಎಂದರೆ 13 ಸಲ 45, 104 ಎಂದರೆ 13 ಸಲ 8, ಆದ್ದರಿಂದ ಎರಡು ಗುಂಪೂ ಮೊದಲೇ ಬದಿಗಾದವು ಎಂದ. ಹಾಗೆ ನಮ್ಮ ನಗರದ ಪಿನ್ ಕೋಡ್‌ಗಳಲ್ಲಿ 101ಕ್ಕೆ ಹನ್ನೊಂದು, 102ಕ್ಕೆ ಏಳು, 104ಕ್ಕೆ ಹದಿಮೂರು ಸಿಕ್ಕಿದವು. 103ರಲ್ಲಿ ವಾಸಿಸುವ ಹುಡುಗಿಗೆ ಏನೂ ಸಿಗದೆ ಸ್ವಲ್ಪ ಬೇಸರವಾಯಿತು.

ಇಷ್ಟೆಲ್ಲ ಸುಸೂತ್ರವಾಗಿ ನಡೆಯಿತೆಂದು ನಾನು ಉಬ್ಬಿದ್ದೇ ತಪ್ಪಾಯಿತು. ಮರುವಾರ 5,23,46,819 ಎಂಬ ಸಂಖ್ಯೆಯನ್ನು ಬರೆದು ಏಳರಿಂದ ಭಾಗ ಹೋಗುತ್ತದೆಯೇ ಎಂದು ಕೇಳಿದೆ. ಮೊದಲು ಕೈಯೆತ್ತಿದ ಹುಡುಗ 791 ಬಂತೆಂದೂ ಅದು ಏಳು ನೂರಾಹದಿಮೂರಲೆ ಎಂದೂ, ಆದ್ದರಿಂದ ಭಾಗ ಹೋಗುತ್ತದೆಂದೂ ಹೇಳಿದ. ಉತ್ತರ ಸರಿಯಿತ್ತು, ಮುಂದಿನವರ ಕಡೆ ತಿರುಗಿದ್ದ ನಾನು 791 ಎಲ್ಲಿಂದ ಬಂತೆಂದು ಕೇಳದೆ ಅವನ ಪಾಟಿಗೆ ಸರಿ ಗುರುತು ಹಾಕಿದೆ. ಎರಡನೆಯ ಸಂಖ್ಯೆ 3,17,40,254. ಈ ಸಲ ಅವನಿಗೆ 228 ಬಂತು, ಭಾಗ ಹೋಗುವುದಿಲ್ಲ ಎಂದ. ಪಕ್ಕದವಳಿಗೆ 455 ಬಂದಿತ್ತು, ಅವಳ ಪ್ರಕಾರ ಏಳರಿಂದಲೂ ಹದಿಮೂರರಿಂದಲೂ ಭಾಗ ಹೋಗುತ್ತದೆ. ಇಬ್ಬರಲ್ಲಿಯೂ ಕೂಡಿಸುವ ಕಳೆಯುವ ತಪ್ಪು ಇರಲಿಲ್ಲ. ಅವನ ಪಾಟಿಯನ್ನು ಎತ್ತಿ ನೋಡಿದರೆ, ನಾನು ಬರೆದುಕೊಟ್ಟ ಅಲ್ಪವಿರಾಮಗಳ ಪ್ರಕಾರವೇ ಅವನು ಸಂಖ್ಯೆಯನ್ನು ಒಡೆದಿದ್ದ: 3, 17, 40, 254. ಜಮಾ 254 ಮತ್ತು 17, ಉದ್ರಿ 40 ಮತ್ತು 3.

ತಪ್ಪು ಅವನದಲ್ಲ. ನಾವು ಓದುವುದೇ ಮೂರು ಕೋಟಿ ಹದಿನೇಳು ಲಕ್ಷ ನಲವತ್ತು ಸಾವಿರ ಎಂದು, ಬರೆಯುವುದೇ ಆ ಓದಿಗೆ ತಕ್ಕಂತೆ; ಸಾವಿರದ ನಂತರ ನಮ್ಮ ಅಲ್ಪವಿರಾಮ ಎರಡೆರಡು ಅಂಕಿಗೆ ಬೀಳುತ್ತದೆ. 1001ರ ನಿಯಮಕ್ಕೆ ಬೇಕಾದದ್ದು ಮೂರು ಮೂರು ಅಂಕಿ: 31, 740, 254. ಜಮಾ 285, ಉದ್ರಿ 740, ವ್ಯತ್ಯಾಸ 455. ಮೊದಲನೆಯ ಸಂಖ್ಯೆಯನ್ನೂ ಸರಿಯಾಗಿ 52, 346, 819 ಎಂದು ಒಡೆದರೆ ಬರುವುದು 791 ಅಲ್ಲ, 525. ಎರಡೂ ಏಳರ ಮಗ್ಗಿಯಲ್ಲಿರುವುದು ಕೇವಲ ಕಾಕತಾಳೀಯ, ಮತ್ತು ಅದೇ ಕಾಕತಾಳೀಯ ನನ್ನ ಕಣ್ಣಿಗೆ ಮಣ್ಣೆರಚಿತು. ಸರಿ ಉತ್ತರಕ್ಕೆ ಗುರುತು ಹಾಕುವ ಮೊದಲು ದಾರಿ ಕೇಳಬೇಕೆಂದು ಬೇರೆಯವರಿಗೆ ಹೇಳುವವನು ನಾನೇ.

ಆದರೆ ಎರಡೆರಡಾಗಿ ಒಡೆದರೆ ಏಕೆ ನಡೆಯದು ಎಂಬುದನ್ನೂ ಕಾಳಿನಲ್ಲಿಯೇ ಹೇಳಬೇಕಾಗಿತ್ತು. ಒಂದು ಲಕ್ಷವೆಂದರೆ ಸಾವಿರದ ನೂರು ಮೂಟೆ. ಮೂಟೆಗೆ ಒಂದು ಕಾಳಿನಂತೆ ಲಕ್ಷದ ಮೇಲೆ ನೂರು ಕಾಳಿನ ಉದ್ರಿ ಬೀಳುತ್ತದೆ. ಆ ಹುಡುಗ ಅದನ್ನು ಒಂದು ಕಾಳಿನ ಜಮಾ ಎಂದು ಬರೆದುಕೊಂಡಿದ್ದ. ಕೋಟಿಯೆಂದರೆ ಹತ್ತು ಲಕ್ಷದ ಹತ್ತು ಗುಡ್ಡೆ, ಅದಕ್ಕೆ ಹತ್ತು ಕಾಳು ಜಮಾ. ಅವನು ಒಂದು ಉದ್ರಿ ಹಿಡಿದಿದ್ದ. ಇದನ್ನು ಕೇಳಿದ ಮೇಲೆ ಅವನೇ ಚಾಕ್‌ಪೀಸು ತೆಗೆದುಕೊಂಡು ಫರಸಿಯ ಮೇಲಿದ್ದ ನನ್ನ ಅಲ್ಪವಿರಾಮಗಳನ್ನು ಅಂಗೈಯಿಂದ ಒರೆಸಿ, ಬಲಗಡೆಯಿಂದ ಮೂರು ಮೂರು ಫರಸಿಗೊಂದು ಗೆರೆ ಎಳೆದ. ಅಂದಿನಿಂದ ಭಾಜ್ಯತೆಯ ಲೆಕ್ಕಕ್ಕೆ ದೊಡ್ಡ ಸಂಖ್ಯೆ ಕೊಡುವಾಗ ನಾನು ಅಲ್ಪವಿರಾಮವನ್ನೇ ಹಾಕುವುದಿಲ್ಲ. ಎಲ್ಲಿ ಒಡೆಯಬೇಕೆಂಬುದನ್ನು ಭಾಜಕ ನೋಡಿ ಮಕ್ಕಳೇ ನಿರ್ಧರಿಸಬೇಕು. ನಮ್ಮ ಎರಡೆರಡು ಅಂಕಿಯ ರೂಢಿಗೆ ಅನ್ಯಾಯವಾಗಬಾರದೆಂದು ಇನ್ನೊಂದನ್ನೂ ಹೇಳಿದೆ. ಬಲತುದಿಯಿಂದಲೇ ಎರಡೆರಡಾಗಿ ಒಡೆದು, ಉದ್ರಿಯ ಗೋಜಿಲ್ಲದೆ ಎಲ್ಲವನ್ನೂ ಕೂಡಿಸಿದರೆ ಅದು 99ರ ಲೆಕ್ಕ, ಅದರಿಂದ ಒಂಬತ್ತು, ಹನ್ನೊಂದು, ಮೂವತ್ತಮೂರು ಮೂರನ್ನೂ ನೋಡಬಹುದು.

ತಪ್ಪಿನ ಮಾತು ಬಂದಿರುವಾಗ ನನ್ನದೇ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಆರರ ನಿಯಮ ಎರಡು ಮತ್ತು ಮೂರರ ನಿಯಮಗಳನ್ನು ಸೇರಿಸಿದ್ದು ಎಂದು ಹೇಳಿದ ವೇಗದಲ್ಲಿಯೇ, ಎರಡರಿಂದಲೂ ಆರರಿಂದಲೂ ಭಾಗ ಹೋದರೆ ಹನ್ನೆರಡರಿಂದ ಭಾಗ ಹೋಗುತ್ತದೆ ಎಂದು ಬರೆದುಬಿಟ್ಟೆ. "ಹದಿನೆಂಟಕ್ಕ ಹೆಂಗ್ರಿ ಸರ್?" ಎಂದು ಹಿಂದಿನಿಂದ ಒಂದು ದನಿ ಬಂತು. 103ರ ಹುಡುಗಿ. ಹದಿನೆಂಟು ಎರಡರಿಂದಲೂ ಆರರಿಂದಲೂ ಭಾಗ ಹೋಗುತ್ತದೆ, ಹನ್ನೆರಡರಿಂದ ಹೋಗುವುದಿಲ್ಲ. ಆರರ ಹೊಟ್ಟೆಯಲ್ಲಿ ಎರಡು ಮೊದಲೇ ಇದೆ, ಅದನ್ನೇ ಮತ್ತೊಮ್ಮೆ ಎಣಿಸಿದ್ದು ಒಂದೇ ಚೀಲವನ್ನು ಎರಡು ಸಲ ತೂಗಿದಂತೆ. ಹನ್ನೆರಡಕ್ಕೆ ಮೂರು ಮತ್ತು ನಾಲ್ಕನ್ನೇ ನೋಡಬೇಕು, ಅವುಗಳಿಗೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ನಾನು ಒರೆಸಿ ಬರೆದೆ. ಇಪ್ಪತ್ತು ವರ್ಷ ಕಲಿಸಿದವನ ಕೈಯಿಂದ ಆ ವಾಕ್ಯ ಹೊರಟದ್ದು ಹೇಗೆ ಎಂದು ಆ ರಾತ್ರಿಯೂ ಯೋಚಿಸಿದೆ.

ದಸರಾ ರಜೆಯಲ್ಲಿ ಈ ಗುಂಪನ್ನು ಮಳಖೇಡಕ್ಕೆ ಕರೆದುಕೊಂಡು ಹೋದೆ. ಕಲಬುರಗಿಯಿಂದ ಸೇಡಂ ದಾರಿಯಲ್ಲಿ ಸುಮಾರು 40 ಕಿಲೋಮೀಟರ್, ಕಾಗಿಣಾ ನದಿಯ ದಂಡೆ. ಮಕ್ಕಳಿಗೆ ಕೋಟೆಯ ಮೇಲೆ ಓಡಾಡುವ ಆಸೆ, ನನಗೆ ಬೇರೆಯೇ ಆಸೆ. ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದ. ಅವನನ್ನು ಗ್ರಂಥದ ಆರಂಭದಲ್ಲಿ ಕೊಂಡಾಡಿ ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ಅದರ ಗುಣಾಕಾರದ ಭಾಗದಲ್ಲಿ ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ತೆರನಾಗಿ ಕಾಣುವ ಗುಣಲಬ್ಧಗಳಿವೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಹಾರ. 14287143ನ್ನು 7ರಿಂದ ಗುಣಿಸಿದರೆ 100010001. ಇನ್ನೂ ಒಂದು ಅಂಕಿ ಉದ್ದದ 142857143ನ್ನು 7ರಿಂದಲೇ ಗುಣಿಸಿದರೆ 1000000001. ಎಲ್ಲಕ್ಕಿಂತ ಚೆಲುವಾದದ್ದು 27994681ನ್ನು 441ರಿಂದ ಗುಣಿಸಿ ಪಡೆಯುವ 12345654321.

ಕೋಟೆಯ ಕೆಳಗೆ ಮರದ ನೆರಳಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಮುಗಿದ ಮೇಲೆ ಈ ಹಾರಗಳನ್ನು ಮಾತ್ರ ಹೇಳಿ, ಯಾವುದರಿಂದ ಗುಣಿಸಿ ಬಂದವು ಎಂಬುದನ್ನು ಹೇಳದೆ, ಏಳರಿಂದ ಭಾಗ ಹೋಗುತ್ತವೆಯೇ ನೋಡಿ ಎಂದೆ. ಅಲ್ಲಿ ಫರಸಿ ಇರಲಿಲ್ಲ, ಕಡ್ಡಿಯಿಂದ ಮಣ್ಣಿನ ಮೇಲೆಯೇ ಬರೆದರು. 100010001ರಲ್ಲಿ ಜಮಾ 1 ಮತ್ತು 100, ಉದ್ರಿ 10, ವ್ಯತ್ಯಾಸ 91. ಅದು ಏಳು ಹದಿಮೂರಲೆ, ಹಾಗಾಗಿ ಏಳರ ಜೊತೆ ಹದಿಮೂರೂ ಪುಕ್ಕಟೆಯಾಗಿ ಸಿಕ್ಕಿತು. 1000000001ರಲ್ಲಿ ಜಮಾ 1, ಉದ್ರಿ 1, ಮಿಕ್ಕವೆಲ್ಲ ಸೊನ್ನೆ. ಉಳಿದದ್ದು ಏನೂ ಇಲ್ಲವಾದ್ದರಿಂದ ಏಳು, ಹನ್ನೊಂದು, ಹದಿಮೂರು ಮೂರರಿಂದಲೂ ಭಾಗ ಹೋಗಲೇಬೇಕು. 12345654321ನ್ನು 12, 345, 654, 321 ಎಂದು ಒಡೆದವರು ಎರಡು ಕಡೆ ಕೂಡಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಮಾ 345 ಮತ್ತು 321, ಒಟ್ಟು 666. ಉದ್ರಿ 654 ಮತ್ತು 12, ಅದೂ 666.

ಆಗ 27994681 ಮತ್ತು 441 ಎಂಬ ಎರಡು ಅಪವರ್ತನಗಳನ್ನು ಹೇಳಿ, ಏಳು ಯಾವುದರಲ್ಲಿ ಅಡಗಿದೆ, ಹನ್ನೊಂದು ಹದಿಮೂರು ಯಾವುದರಲ್ಲಿ ಅಡಗಿವೆ ಎಂದು ಕೇಳಿದೆ. 27, 994, 681 ಎಂದು ಒಡೆದರೆ ಜಮಾ 708, ಉದ್ರಿ 994, ವ್ಯತ್ಯಾಸ 286. ಅದು ಹನ್ನೊಂದು ಇಪ್ಪತ್ತಾರಲೆ. ಹನ್ನೊಂದೂ ಇದೆ, ಹದಿಮೂರೂ ಇದೆ, ಏಳಿಲ್ಲ. ಏಳು ಇರುವುದು 441ರಲ್ಲಿ, ಅದು 21ರ ವರ್ಗ. ಎಂಟನೆಯ ತರಗತಿಯವರಿಗೆ ನಾನು ಇನ್ನೂ ಒಂದು ಹೆಜ್ಜೆ ತೋರಿಸಿದೆ. 12345654321 ಎಂಬುದು 111111ರ ವರ್ಗ, 27994681 ಎಂಬುದು 5291ರ ವರ್ಗ, 5291 ಎಂಬುದು 11, 13 ಮತ್ತು 37ರ ಗುಣಲಬ್ಧ. ಹಾರದ ಎರಡೂ ಕಡೆಯ ಮಣಿಗಳನ್ನು ಹೀಗೆ ಒಂದೊಂದಾಗಿ ಬಿಚ್ಚಿ ನೋಡುವಾಗ ಮಕ್ಕಳು ಕೋಟೆಯನ್ನು ಮರೆತಿದ್ದರು, ಬಸ್ಸಿನ ಹೊತ್ತನ್ನು ನಾನು ಮರೆತಿದ್ದೆ.

ಹಿಂದಿರುಗುವಾಗ ಬಸ್ಸಿನಲ್ಲಿ ಆ 103ರ ಹುಡುಗಿ ನನ್ನ ಪಕ್ಕದ ಸೀಟಿಗೆ ಬಂದು ಕುಳಿತು, ಉದ್ರಿ ಇಲ್ಲದೆ ಮೂರು ಮೂರು ಅಂಕಿಗಳನ್ನು ಸುಮ್ಮನೆ ಕೂಡಿಸಿದರೆ ಅದು ಯಾವ ಸಂಖ್ಯೆಯ ನಿಯಮವಾಗುತ್ತದೆ ಎಂದು ಕೇಳಿದಳು. ಎರಡೆರಡಾಗಿ ಕೂಡಿಸಿದಾಗ 99 ಆಗಿದ್ದು ಅವಳಿಗೆ ನೆನಪಿತ್ತು. ಉತ್ತರ ಹೇಳದೆ, ಸಾವಿರದ ಮೂಟೆಯಿಂದ ಒಂದು ಕಾಳು ಉಳಿಯಬೇಕಾದರೆ ಎಷ್ಟು ಬದಿಗಿಡಬೇಕು ಎಂದು ತಿರುಗಿ ಕೇಳಿದೆ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಫರಸಿಯ ಮೇಲೆ 999 ಎಂದು ಬರೆದು, ಅದರ ಕೆಳಗೆ 27 ಮತ್ತು 37 ಎಂದು ಬರೆದು, ಮಳಖೇಡದ ಹಾರವನ್ನು ಹನ್ನೊಂದು ಫರಸಿಗಳ ಮೇಲೆ ಹರಡಿದಳು. 12, 345, 654, 321 ಕೂಡಿಸಿ 1332. ಅದರ ಸಾವಿರವನ್ನು ಒಂದಾಗಿಸಿ 332ಕ್ಕೆ ಕೂಡಿಸಿ 333. "ಮೂವತ್ತೇಳರ ಮಗ್ಗಿ ನಂಗ ಬರಂಗಿಲ್ರಿ ಸರ್, ಆದ್ರ ಮೂವತ್ತೇಳ್ಮೂರಲೆ ನೂರಾಹನ್ನೊಂದು ಅಂತ ರಾತ್ರಿ ಗುಣಿಸಿ ನೋಡೀನಿ" ಎಂದು ಹೇಳಿ, 333ರ ಪಕ್ಕದಲ್ಲಿ 111ನ್ನು ಒಂದರ ಕೆಳಗೊಂದು ಮೂರು ಸಲ ಬರೆದಳು.